ಮಾದರಿ ಕಟ್ಟಬೇಕಾ, ಗ್ರಾಫಿಕ್ಸ್ ಮಾಡಿಸಬೇಕಾ? ಶಾಟ್ ನೋಡಿ ಆರಿಸಿ

ಕಿರುಚಿತ್ರ ಮಾಡಲು ಹೊರಟವರು, ಮೊದಲ ಸಿನಿಮಾಗೆ ನಿರ್ಮಾಪಕರನ್ನು ಹುಡುಕುತ್ತಿರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಕಥೆಯಲ್ಲಿ ಒಂದು ರಾಕ್ಷಸ ಇದೆ, ಅಥವಾ ಬಾಹ್ಯಾಕಾಶ ನೌಕೆ ಇದೆ, ಅಥವಾ ಮುಳುಗುವ ಊರು ಇದೆ. ಅದನ್ನು ಕೈಯಲ್ಲಿ ಕಟ್ಟಿ ಶೂಟ್ ಮಾಡಬೇಕಾ, ಕಂಪ್ಯೂಟರಿನಲ್ಲಿ ಮಾಡಿಸಬೇಕಾ? ಯಾವುದು ಚೆನ್ನಾಗಿ ಕಾಣುತ್ತೆ, ಯಾವುದು ಅಗ್ಗ?

ಇಡೀ ಸಿನಿಮಾಗೆ ಒಂದೇ ಉತ್ತರ ಹುಡುಕಬೇಡಿ. ಒಂದೊಂದು ಶಾಟ್‌ಗೂ ಬೇರೆ ಬೇರೆ ಉತ್ತರ ಇರುತ್ತದೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಈ ಎರಡು ದಾರಿಗಳ ದೊಡ್ಡ ವ್ಯತ್ಯಾಸ ಇರುವುದು ನೀವು ಯಾವಾಗ ನಿರ್ಧಾರ ಮಾಡುತ್ತೀರಿ ಅನ್ನುವುದರಲ್ಲಿ. ಮಾದರಿ ಕಟ್ಟುವವರು ಶೂಟಿಂಗ್‌ಗೆ ಮೊದಲೇ ಎಲ್ಲವನ್ನೂ ತೀರ್ಮಾನಿಸಬೇಕು. ಬಣ್ಣ, ಗಾತ್ರ, ಯಾವ ಕಡೆಯಿಂದ ಕಾಣಬೇಕು, ಎಲ್ಲ. ಗ್ರಾಫಿಕ್ಸ್‌ನಲ್ಲಿ ಆ ತೀರ್ಮಾನವನ್ನು ಮುಂದಕ್ಕೆ ಹಾಕಬಹುದು. ಹಾಗೆ ಮುಂದಕ್ಕೆ ಹಾಕುತ್ತಾ ಹೋಗುವುದೇ ಬಹಳ ಸಿನಿಮಾಗಳನ್ನು ಕೆಡಿಸಿದೆ, ದುಡ್ಡನ್ನೂ ತಿಂದಿದೆ.

ಆರಿಸುವ ಮೊದಲು ಕೇಳಬೇಕಾದ್ದು

ಒಂದು ಶಾಟ್ ಎದುರಿಗಿಟ್ಟುಕೊಂಡು ಇವಿಷ್ಟು ನೋಡಿ. ಆ ವಸ್ತು ಅಥವಾ ಪ್ರಾಣಿ ತೆರೆಯ ಮೇಲೆ ಎಷ್ಟು ಸೆಕೆಂಡ್ ಇರುತ್ತದೆ? ಅದು ಯಾವುದರಿಂದ ಆಗಿದೆ: ಕಲ್ಲು, ಲೋಹ, ಚರ್ಮ, ಕೂದಲು, ನೀರು, ಬೆಂಕಿ? ನಟರು ಅದನ್ನು ಮುಟ್ಟುತ್ತಾರಾ, ಅದರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರಾ? ಕ್ಯಾಮೆರಾ ನಿಂತಲ್ಲೇ ಇರುತ್ತದಾ, ಸುತ್ತ ಓಡಾಡುತ್ತದಾ? ಒಂದೇ ಶಾಟ್ ಇದೆಯಾ, ಅದೇ ವಸ್ತು ನಲವತ್ತು ಶಾಟ್‌ಗಳಲ್ಲಿ ಬರುತ್ತದಾ?

ಆಮೇಲೆ ನಿಮ್ಮ ಕಡೆ ನೋಡಿಕೊಳ್ಳಿ. ದುಡ್ಡು ಈಗ ಇದೆಯಾ, ಆಮೇಲೆ ಬರುತ್ತದಾ? ತಂಡದಲ್ಲಿ ಕೈಕೆಲಸ ಗೊತ್ತಿರುವವರು ಇದ್ದಾರಾ, ಕಂಪ್ಯೂಟರ್ ಮುಂದೆ ವಾರಗಟ್ಟಲೆ ಕೂರುವವರು ಇದ್ದಾರಾ? ಈ ಕೊನೆಯ ಪ್ರಶ್ನೆಯನ್ನು ಜನ ಕೇಳಿಕೊಳ್ಳುವುದೇ ಇಲ್ಲ. ಸಣ್ಣ ಬಜೆಟ್‌ನಲ್ಲಿ ಉತ್ತರ ಬರುವುದು ಬಹುಪಾಲು ಅಲ್ಲಿಂದಲೇ.

ಮಿನಿಯೇಚರ್: ಚಿಕ್ಕದನ್ನು ದೊಡ್ಡದಾಗಿ ತೋರಿಸುವುದು

ಕಟ್ಟಡ, ನೌಕೆ, ಕೋಟೆ, ಪಾಳುಬಿದ್ದ ನಗರ. ಜೀವ ಇಲ್ಲದ, ಗಟ್ಟಿಯಾದ ವಸ್ತುಗಳಿಗೆ ಮಿನಿಯೇಚರ್‌ಗಿಂತ ಒಳ್ಳೆಯ ದಾರಿ ಇವತ್ತಿಗೂ ಕಡಿಮೆ. ಕಾರಣ ಬೆಳಕು. ನಿಜವಾದ ವಸ್ತುವಿನ ಮೇಲೆ ನಿಜವಾದ ಬೆಳಕು ಬಿದ್ದಾಗ ನೆರಳು, ಮೂಲೆಯ ಕತ್ತಲು, ಧೂಳಿನ ಮೇಲಿನ ಮಿನುಗು ಎಲ್ಲ ತಾನಾಗಿಯೇ ಸರಿಯಾಗಿರುತ್ತದೆ. ಕಂಪ್ಯೂಟರಿನಲ್ಲಿ ಅದನ್ನೆಲ್ಲ ಯಾರೋ ಕೂತು ಹೊಂದಿಸಬೇಕು.

1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಡಿಸ್ಕವರಿ ನೌಕೆಯ ದೊಡ್ಡ ಮಾದರಿ 54 ಅಡಿ ಉದ್ದ ಇತ್ತು. ಇವತ್ತು ನೋಡಿದರೂ ಆ ನೌಕೆ ಹಳತಾಗಿ ಕಾಣುವುದಿಲ್ಲ. ‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳಿಗೆ ನ್ಯೂಜಿಲೆಂಡಿನ ವೆಟಾ ವರ್ಕ್‌ಶಾಪ್ ಮಿನಾಸ್ ತಿರಿಥ್ ನಗರವನ್ನು 1:72 ಅಳತೆಯಲ್ಲಿ, ಅಂದರೆ ನಿಜದ ಗಾತ್ರದ 72ರಲ್ಲಿ ಒಂದು ಪಾಲಿಗೆ, ಕಟ್ಟಿತು. ಹೆಲ್ಮ್ಸ್ ಡೀಪ್ ಕೋಟೆಯನ್ನು ದೂರದ ಶಾಟ್‌ಗೆ 1:35ರಲ್ಲಿ, ಹತ್ತಿರದ ಶಾಟ್‌ಗೆ 1:4ರಲ್ಲಿ ಹೀಗೆ ಎರಡು ಸಲ ಕಟ್ಟಿತು. ಯಾವ ಶಾಟ್ ಬೇಕು ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಇಂಥ ಕೆಲಸ ಸಾಧ್ಯ. ನಮ್ಮ ಕಡೆ 1957ರ ‘ಮಾಯಾಬಜಾರ್’ನಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಕ್ಯಾಮೆರಾ ಎದುರು ದ್ವಾರಕೆಯನ್ನು ಇಟ್ಟದ್ದೂ ಮಿನಿಯೇಚರ್ ಆಗಿಯೇ.

ಮಿನಿಯೇಚರ್ ಆಟಿಕೆಯಂತೆ ಕಾಣುವುದಕ್ಕೆ ಮೂರು ಕಾರಣ ಇವೆ. ಮೂರನ್ನೂ ತಡೆಯಬಹುದು.

ಮೊದಲನೆಯದು ವೇಗ. ಚಿಕ್ಕ ಗೋಡೆ ಬೀಳಲು ಕಡಿಮೆ ಹೊತ್ತು ಸಾಕು, ದೊಡ್ಡ ಗೋಡೆಗೆ ಜಾಸ್ತಿ ಹೊತ್ತು ಬೇಕು. ಅದಕ್ಕೇ ಕುಸಿತ, ಸ್ಫೋಟಗಳನ್ನು ಸೆಕೆಂಡಿಗೆ ಹೆಚ್ಚು ಫ್ರೇಮ್‌ಗಳಲ್ಲಿ ಶೂಟ್ ಮಾಡಿ ನಿಧಾನವಾಗಿ ತೋರಿಸಬೇಕು. ಲೆಕ್ಕ ಸುಲಭ. ಅಳತೆಯ ವರ್ಗಮೂಲದಿಂದ ಸಿನಿಮಾದ ಮಾಮೂಲಿ ವೇಗವಾದ ಸೆಕೆಂಡಿಗೆ 24 ಫ್ರೇಮನ್ನು ಗುಣಿಸಿ. 1:4 ಮಾದರಿಗೆ 48 ಫ್ರೇಮ್, 1:16ಕ್ಕೆ 96 ಫ್ರೇಮ್. 1:24 ಅಳತೆಗೆ ಸುಮಾರು 118 ಬರುತ್ತದೆ. ನಿಮ್ಮ ಜೇಬಿನ ಫೋನ್ 120 ಫ್ರೇಮ್‌ನಲ್ಲಿ ಸ್ಲೋ ಮೋಷನ್ ತೆಗೆಯುತ್ತದೆ, ಅಲ್ವಾ? 1:24 ಅಳತೆಯ ಕಾರುಗಳೂ ಆಟಿಕೆ ಅಂಗಡಿಯಲ್ಲಿ ಸಿಗುತ್ತವೆ. ಆ ಅಳತೆಯಲ್ಲಿ 30 ಅಡಿಯ ಮನೆ 15 ಇಂಚು ಆಗುತ್ತದೆ. ಕಾಲೇಜು ತಂಡಕ್ಕೆ ನಾನು ಮೊದಲು ಹೇಳುವುದೇ ಈ ಅಳತೆಯನ್ನು.

ಎರಡನೆಯದು ಫೋಕಸ್. ಹಿಂದೆ ಮುಂದೆ ಮಸುಕಾದರೆ ನೋಡುವವರ ಕಣ್ಣು ಇದು ಚಿಕ್ಕ ವಸ್ತು ಅಂತ ಕಂಡುಹಿಡಿಯುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 16ರಷ್ಟು ಚಿಕ್ಕದು ಮಾಡಬೇಕು, ಆಗ ಬೆಳಕು ಬಹಳ ಬೇಕು. ಫೋನಿನ ಸೆನ್ಸರ್ ಚಿಕ್ಕದಾದ್ದರಿಂದ ಹೆಚ್ಚು ಆಳದವರೆಗೆ ಫೋಕಸ್ ಸಿಗುತ್ತದೆ. ಬೇರೆ ಕಡೆ ದೌರ್ಬಲ್ಯ ಅನ್ನಿಸುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಶೂಟಿಂಗನ್ನು ಬಿಸಿಲಲ್ಲೇ ಮಾಡಿ. ಬಾಡಿಗೆ ಲೈಟು ಬೇಕಾಗುವುದಿಲ್ಲ, ಸೂರ್ಯನ ನೆರಳಿನ ಅಂಚೂ ಹರಿತವಾಗಿರುತ್ತದೆ.

ಮೂರನೆಯದು ಕ್ಯಾಮೆರಾದ ಎತ್ತರ. ಐದೂವರೆ ಅಡಿ ಮನುಷ್ಯನ ಕಣ್ಣು 1:24ರಲ್ಲಿ ನೆಲದಿಂದ ಸುಮಾರು ಆರೂವರೆ ಸೆಂಟಿಮೀಟರ್ ಮೇಲೆ ಇರುತ್ತದೆ. ಲೆನ್ಸ್ ಅಲ್ಲಿರಬೇಕು. ಬಹಳ ಜನ ನಿಂತುಕೊಂಡು ಮೇಲಿನಿಂದ ಶೂಟ್ ಮಾಡಿಬಿಡುತ್ತಾರೆ.

ಇಷ್ಟು ಮಾಡಿದರೂ ನೀರು ಮತ್ತು ಬೆಂಕಿ ಕೈ ಕೊಡುತ್ತವೆ. ನೀರಿನ ಹನಿಯನ್ನು ಚಿಕ್ಕದು ಮಾಡಲು ಆಗುವುದಿಲ್ಲ. 1:24ರ ಅಣೆಕಟ್ಟೆಯಿಂದ ಬೀಳುವ ಹನಿ ತೆರೆಯ ಮೇಲೆ ತೆಂಗಿನಕಾಯಿ ಗಾತ್ರಕ್ಕೆ ಕಾಣುತ್ತದೆ. ನೀರು ಬೇಕೇಬೇಕು ಅಂದರೆ ಮಾದರಿ 1:4ರಷ್ಟಾದರೂ ದೊಡ್ಡದಿರಲಿ. ಇಲ್ಲವಾದರೆ ನೀರನ್ನು ಬೇರೆ ದಾರಿಗೆ ಬಿಡಿ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಬೇಕಾದ ಕೈಗಳು ಎಷ್ಟೊಂದಿವೆ! ಅವುಗಳನ್ನು ಸಿನಿಮಾದವರು ಇನ್ನೂ ಸರಿಯಾಗಿ ಕೇಳಿಲ್ಲ ಅನ್ನುವ ಬೇಸರ ನನಗಿದೆ. ಗಣೇಶನ ಮೂರ್ತಿ ಮಾಡುವವರಿಗೆ ಅಚ್ಚು ತೆಗೆಯುವುದು, ಎರಕ ಹೊಯ್ಯುವುದು ಗೊತ್ತು. ಚನ್ನಪಟ್ಟಣದ ಕುಶಲಕರ್ಮಿಗಳು ಮರವನ್ನು ಚರಕಿಗೆ ಕೊಟ್ಟು ಯಾವ ಗುಂಡಗಿನ ಆಕಾರ ಬೇಕಾದರೂ ತೆಗೆಯುತ್ತಾರೆ. ನೌಕೆಯ ಎಂಜಿನ್ ಅಂದರೆ ಅದೇ ತಾನೇ? ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುವ ಹಳೆಯ ಸರ್ಕ್ಯೂಟ್ ಬೋರ್ಡ್, ಹೀಟ್ ಸಿಂಕ್, ಫ್ಯಾನುಗಳನ್ನು ಅಂಟಿಸಿ ಒಂದೇ ಬೂದು ಬಣ್ಣ ಹೊಡೆದರೆ ನೌಕೆಯ ಮೈ ಸಿದ್ಧ. 1977ರ ‘ಸ್ಟಾರ್ ವಾರ್ಸ್’ ತಂಡ ಮಾಡಿದ್ದೂ ಇದೇ ಥರದ ಕೆಲಸ. ಪ್ಲಾಸ್ಟಿಕ್ ಆಟಿಕೆ ಕಿಟ್‌ಗಳ ಬಿಡಿಭಾಗಗಳನ್ನು ಕಿತ್ತು ನೌಕೆಗಳಿಗೆ ಅಂಟಿಸಿದ್ದರು.

ಮಿನಿಯೇಚರ್‌ನ ನಷ್ಟ ಇಷ್ಟು: ದುಡ್ಡು ಮೊದಲೇ ಖರ್ಚಾಗುತ್ತದೆ, ಶೂಟ್ ಆದ ಮೇಲೆ ಬದಲಾಯಿಸಲು ಆಗುವುದಿಲ್ಲ, ಒಡೆದರೆ ಒಂದೇ ಅವಕಾಶ. 1996ರ ‘ಇಂಡಿಪೆಂಡೆನ್ಸ್ ಡೇ’ಯಲ್ಲಿ ಶ್ವೇತಭವನದ ಪ್ಲಾಸ್ಟರ್ ಮಾದರಿಯನ್ನು ಸಿಡಿಸುವಾಗ ಒಟ್ಟಿಗೇ ಹಲವು ಕ್ಯಾಮೆರಾ ಇಟ್ಟಿದ್ದು ಅದಕ್ಕೇ.

ಗೊಂಬೆ, ಮುಖವಾಡ, ವೇಷ

ಜೀವ ಇರುವ ಪಾತ್ರಗಳಿಗೆ ಬಂದಾಗ ನಾನು ನಟರ ಕಡೆಯಿಂದ ಯೋಚಿಸುತ್ತೇನೆ. 1982ರ ‘ಇ.ಟಿ.’ಯಲ್ಲಿ ಮಕ್ಕಳ ಎದುರು ಕಾರ್ಲೋ ರಾಂಬಾಲ್ಡಿ ಮಾಡಿದ ಗೊಂಬೆ ಇತ್ತು, ಕಥೆಯನ್ನು ಬಹುಪಾಲು ಕ್ರಮವಾಗಿ ಶೂಟ್ ಮಾಡಿದ್ದರು. ಆ ಮಕ್ಕಳ ಅಳು, ಗ್ರಾಫಿಕ್ಸ್ ಪಾತ್ರದ ಜಾಗದಲ್ಲಿ ಗುರುತಿಗೆ ಹಿಡಿಯುವ ಟೆನಿಸ್ ಚೆಂಡನ್ನು ನೋಡಿ ಬರುವಂಥದ್ದಲ್ಲ. 2019ರಲ್ಲಿ ಬಂದ ‘ದ ಮ್ಯಾಂಡಲೋರಿಯನ್’ ಸರಣಿಯವರು ಎಷ್ಟು ದುಡ್ಡಿದ್ದರೂ ಹಸಿರು ಮಗುವಿಗೆ ಗೊಂಬೆಯನ್ನೇ ನೆಚ್ಚಿಕೊಂಡರು. ನಟರು ಎತ್ತಿಕೊಳ್ಳುವ, ತಬ್ಬಿಕೊಳ್ಳುವ ಪಾತ್ರ ನಿಮ್ಮ ಕಥೆಯಲ್ಲಿದ್ದರೆ ಯೋಚನೆಯೇ ಬೇಡ, ಗೊಂಬೆ ಮಾಡಿಸಿ.

ಆದರೆ ಗೊಂಬೆಗೆ ನಡಿಗೆ ಬರುವುದಿಲ್ಲ. ಓಟ, ಜಿಗಿತ ದೂರದ ಮಾತು. ಕಣ್ಣು, ಕುತ್ತಿಗೆ, ಬಾಯಿ ಚೆನ್ನಾಗಿ ಆಡಿಸಬಹುದು. ಹಾಗಾಗಿ ಸೊಂಟದಿಂದ ಮೇಲಿನ ಶಾಟ್‌ಗಳಾಗಿ ಒಡೆದು ಬರೆದುಕೊಳ್ಳಿ. ಯಂತ್ರದ ಗೊಂಬೆಗಳಿಗೆ ಬೇರೆ ತಾಪತ್ರಯ ಇದೆ. ‘ಜುರಾಸಿಕ್ ಪಾರ್ಕ್’ಗೆ ಸ್ಟಾನ್ ವಿನ್ಸ್ಟನ್ ತಂಡ ಕಟ್ಟಿದ ಟಿ-ರೆಕ್ಸ್ ಸುಮಾರು 20 ಅಡಿ ಎತ್ತರ, ನಾಲ್ಕು ಟನ್ನಿಗೂ ಜಾಸ್ತಿ ತೂಕ. ಮಳೆಯ ದೃಶ್ಯದಲ್ಲಿ ಅದರ ಫೋಮ್ ಚರ್ಮ ನೀರು ಕುಡಿದು ಭಾರವಾಗಿ, ಇಡೀ ಯಂತ್ರ ನಡುಗತೊಡಗಿತು. ಟೇಕ್‌ಗಳ ನಡುವೆ ಅದನ್ನು ಒಣಗಿಸುತ್ತಾ ಕೂರಬೇಕಾಯಿತು.

ಮನುಷ್ಯನೇ ರಾಕ್ಷಸ ಆಗಬೇಕಾದರೆ ಪ್ರಾಸ್ಥೆಟಿಕ್ ಮೇಕಪ್ ಇದೆ, ಅಂದರೆ ಅಚ್ಚಿನಲ್ಲಿ ಮಾಡಿದ ತುಂಡುಗಳನ್ನು ಮುಖಕ್ಕೆ ಅಂಟಿಸುವುದು. ನಮ್ಮ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ರಾಯಚೂರಿನ ಏಪ್ರಿಲ್‌ನಲ್ಲಿ ಮುಖಕ್ಕೆ ಅಂಟಿಸಿದ ಲೇಟೆಕ್ಸ್ ಬೆವರಿಗೆ ಬಿಟ್ಟುಕೊಳ್ಳುತ್ತದೆ. ಶೂಟಿಂಗ್ ರಾತ್ರಿಗೆ ಅಥವಾ ಎಸಿ ಇರುವ ಒಳಾಂಗಣಕ್ಕೆ ಇಟ್ಟುಕೊಳ್ಳಿ. ಅಂಟು ನಟರ ಚರ್ಮಕ್ಕೆ ಒಗ್ಗುತ್ತದಾ ಅಂತ ಹಿಂದಿನ ದಿನವೇ ಕೈ ಮೇಲೆ ಹಚ್ಚಿ ನೋಡಿ. ಮೇಕಪ್‌ಗೆ ದಿನಾ ಕೆಲವು ಗಂಟೆ ಹೋಗುತ್ತದೆ, ಅಷ್ಟೂ ಶೂಟಿಂಗ್ ಸಮಯ ಕಡಿಮೆ ಆಗುತ್ತದೆ. ಯಕ್ಷಗಾನದ ಬಣ್ಣದ ವೇಷದವರು ಚುಟ್ಟಿ ಇಡುತ್ತಾ ಎಷ್ಟು ಹೊತ್ತು ಕೂರುತ್ತಾರೆ ಅಂತ ನೋಡಿದವರಿಗೆ ಇದು ಅರ್ಥವಾಗುತ್ತದೆ. ಅವರ ಮುಖ ಹತ್ತಿರದಿಂದ ನೋಡಿ ಬನ್ನಿ ಅಂತಲೂ ಹೇಳುತ್ತೇನೆ. ರಾಕ್ಷಸನ ಮುಖವನ್ನು ದೂರದ ಪ್ರೇಕ್ಷಕನಿಗೆ ಹೇಗೆ ಓದಿಸಬೇಕು ಅನ್ನುವುದಕ್ಕೆ ಅದು ದೊಡ್ಡ ಪಾಠ.

ಬರೀ ಕ್ಯಾಮೆರಾದಿಂದಲೇ ಆಗುವುದು

ಇದನ್ನು ಜನ ಮರೆತೇಬಿಟ್ಟಿದ್ದಾರೆ, ಬೇಗ ಹೇಳಿ ಮುಗಿಸುತ್ತೇನೆ. 1977ರ ‘ಬಬ್ರುವಾಹನ’ದಲ್ಲಿ ಅರ್ಜುನ, ಬಬ್ರುವಾಹನ ಇಬ್ಬರೂ ರಾಜ್‌ಕುಮಾರ್ ಅವರೇ. ಅಪ್ಪ ಮಗ ಎದುರುಬದುರು ನಿಂತು ಸೆಣಸುವುದನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಸಾಧಿಸಿದರು. ಇವತ್ತು ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ ಎರಡು ಸಲ ಶೂಟ್ ಮಾಡಿದರೆ, ಎಡಿಟಿಂಗ್‌ನಲ್ಲಿ ನಡುವೆ ಕತ್ತರಿಸಿ ಸೇರಿಸುವುದು ಒಂದು ಸಂಜೆಯ ಕೆಲಸ. ಕುಳ್ಳರು, ದೈತ್ಯರು ಬೇಕಾದರೆ ಒಬ್ಬರನ್ನು ಕ್ಯಾಮೆರಾಗೆ ಹತ್ತಿರ, ಇನ್ನೊಬ್ಬರನ್ನು ದೂರ ಕೂರಿಸಿ. ‘ಲಾರ್ಡ್ ಆಫ್ ದ ರಿಂಗ್ಸ್’ನ ಗಾಡಿಯ ದೃಶ್ಯದಲ್ಲಿ ಪಕ್ಕಪಕ್ಕ ಕೂತಂತೆ ಕಾಣುವ ಇಬ್ಬರು ನಿಜಕ್ಕೂ ಹಿಂದೆ ಮುಂದೆ ಕೂತಿದ್ದರು. ಖರ್ಚು ಸೊನ್ನೆ. ಶಾಟ್ ಮಾತ್ರ ಮೊದಲೇ ತೀರ್ಮಾನ ಆಗಿರಬೇಕು.

ಕಂಪ್ಯೂಟರ್ ಗ್ರಾಫಿಕ್ಸ್

ಮಾದರಿಯಿಂದ ಆಗದ ಕೆಲಸಗಳ ಪಟ್ಟಿ ದೊಡ್ಡದೇ. ಒಂದು ನೊಣ ನಾಯಕ ಆಗಬೇಕು ಅಂದರೆ, 2012ರ ‘ಈಗ’ದ ಹಾಗೆ, ಬೇರೆ ದಾರಿ ಇಲ್ಲ. ಸಾವಿರಾರು ಸೈನಿಕರ ಗುಂಪು, ಓಡುವ ಪ್ರಾಣಿ, ಕರಗಿ ಆಕಾರ ಬದಲಿಸುವ ದೇಹ, ಕ್ಯಾಮೆರಾ ಸುತ್ತು ಹೊಡೆಯುವ ಹಾರಾಟ, ಇವೆಲ್ಲ ಗ್ರಾಫಿಕ್ಸ್‌ನ ಕೆಲಸ. 2014ರ ‘ಇಂಟರ್‌ಸ್ಟೆಲ್ಲರ್’ನ ಕಪ್ಪುಕುಳಿಯನ್ನು ಭೌತವಿಜ್ಞಾನಿ ಕಿಪ್ ಥಾರ್ನ್ ಕೊಟ್ಟ ಸಮೀಕರಣಗಳಿಂದ ಕಂಪ್ಯೂಟರಿನಲ್ಲಿ ಬರೆದರು. ಕೆಲವು ಫ್ರೇಮ್‌ಗಳಿಗೆ ನೂರು ಗಂಟೆ ಹಿಡಿಯಿತು. ಅದೇ ಚಿತ್ರದ ನೌಕೆಗೆ ಮಿನಿಯೇಚರ್ ಕಟ್ಟಿದ್ದರು ಅನ್ನುವುದನ್ನೂ ಗಮನಿಸಿ.

ದುಡ್ಡಿಲ್ಲದವರಿಗೂ ಬಾಗಿಲು ತೆರೆದಿದೆ. ಬ್ಲೆಂಡರ್ ಅನ್ನುವ ಗ್ರಾಫಿಕ್ಸ್ ಸಾಫ್ಟ್‌ವೇರ್ ಪೂರ್ತಿ ಉಚಿತ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ಅನಿಮೇಷನ್ ಚಿತ್ರ ಅದರಲ್ಲೇ ಆದದ್ದು. ಸಾಫ್ಟ್‌ವೇರ್ ಉಚಿತ ಆದರೂ ಸಮಯ ಉಚಿತ ಅಲ್ಲ. ಒಂದು ಲೆಕ್ಕ ನೋಡಿ. ಹತ್ತು ಸೆಕೆಂಡಿನ ಶಾಟ್ ಅಂದರೆ 240 ಫ್ರೇಮ್. ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಅದರ ಅಂತಿಮ ಚಿತ್ರ ಬರೆಯಲು, ಹತ್ತು ನಿಮಿಷ ಅಂದುಕೊಂಡರೂ 40 ಗಂಟೆ. ಅದಕ್ಕೆ ಮೊದಲು ಮಾಡೆಲಿಂಗ್, ಬಣ್ಣ, ಅನಿಮೇಷನ್, ಕ್ಯಾಮೆರಾ ಟ್ರ್ಯಾಕಿಂಗ್ (ಕ್ಯಾಮೆರಾ ಹೇಗೆ ಚಲಿಸಿತು ಅಂತ ಕಂಪ್ಯೂಟರಿಗೆ ತಿಳಿಸುವುದು), ಲೈಟಿಂಗ್ ಆಗಿರಬೇಕು. ನೋಡಿ, ರೆಕ್ಕೆ ಸ್ವಲ್ಪ ದೊಡ್ಡದಿರಲಿ ಅಂದಿರೋ, ಮತ್ತೆ 40 ಗಂಟೆ.

ಗ್ರಾಫಿಕ್ಸ್ ಕಳಪೆ ಆಗಿದೆ ಅಂತ ಜನ ಬೈಯುವಾಗ ಕಲಾವಿದರನ್ನು ಬೈಯುತ್ತಾರೆ. ಅದು ಅನ್ಯಾಯ. ತೊಂದರೆ ಬಹಳ ಸಲ ಸೆಟ್‌ನಲ್ಲೇ ಶುರುವಾಗಿರುತ್ತದೆ. ರಾಕ್ಷಸ ಎಷ್ಟು ಎತ್ತರ ಅಂತ ತೀರ್ಮಾನ ಆಗಿರುವುದಿಲ್ಲ, ನಟ ಎಲ್ಲೋ ನೋಡಿರುತ್ತಾನೆ, ಬೆಳಕು ಎಲ್ಲಿಂದ ಬಂತು ಅಂತ ಬರೆದಿಟ್ಟಿರುವುದಿಲ್ಲ. ಕೊನೆಗೆ ಬಿಡುಗಡೆಗೆ ವಾರ ಇರುವಾಗ ಬದಲಾವಣೆ. ಇದಕ್ಕೆ ಎದುರಾಗಿ 2023ರ ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’ ನೋಡಿ. 610 ಗ್ರಾಫಿಕ್ಸ್ ಶಾಟ್‌ಗಳು, 35 ಜನರ ತಂಡ, ಹಾಲಿವುಡ್ ಲೆಕ್ಕದಲ್ಲಿ ಪುಡಿಗಾಸಿನ ಬಜೆಟ್, ಕೊನೆಗೆ ಆಸ್ಕರ್. ನಿರ್ದೇಶಕ ತಕಾಶಿ ಯಮಝಾಕಿ ಗ್ರಾಫಿಕ್ಸ್ ಮೇಲ್ವಿಚಾರಕರೂ ಆಗಿದ್ದರು. ಕಲಾವಿದರು ಕೂರುವ ಜಾಗದಲ್ಲೇ ನಿರ್ಧಾರ ಸಿಗುತ್ತಿತ್ತು. ನಮ್ಮ ಕನ್ನಡದ ತಂಡಗಳು ಮಾದರಿಯಾಗಿ ಇಟ್ಟುಕೊಳ್ಳಬೇಕಾದ್ದು ದೊಡ್ಡ ಹಾಲಿವುಡ್ ಚಿತ್ರಗಳನ್ನಲ್ಲ, ಇದನ್ನು.

ಒಂದು ಎಚ್ಚರಿಕೆ. ಮನುಷ್ಯನ ಮುಖವನ್ನು ಕಂಪ್ಯೂಟರಿನಲ್ಲಿ ಮಾಡುವ ಆಸೆ ಸದ್ಯಕ್ಕೆ ಬಿಡಿ. 2016ರಲ್ಲಿ ‘ನಾಗರಹಾವು’ ಚಿತ್ರದಲ್ಲಿ ವಿಷ್ಣುವರ್ಧನ್ ಅವರನ್ನು, ಅದೇ ವರ್ಷ ‘ರೋಗ್ ಒನ್’ನಲ್ಲಿ ಪೀಟರ್ ಕುಶಿಂಗ್ ಅವರನ್ನು ಹೀಗೆ ಮತ್ತೆ ತೆರೆಗೆ ತಂದರು. ಎರಡರ ಹಿಂದೆಯೂ ದೊಡ್ಡ ತಂಡ, ದೊಡ್ಡ ಪ್ರಯತ್ನ ಇತ್ತು. ನಾವು ಹುಟ್ಟಿದಾಗಿನಿಂದ ಮುಖಗಳನ್ನೇ ನೋಡುತ್ತಾ ಬಂದವರು, ಚೂರು ತಪ್ಪಿದರೂ ಕಣ್ಣು ಹಿಡಿದುಬಿಡುತ್ತದೆ. ಲೋಹ, ಗಾಜು, ಗಟ್ಟಿ ಚಿಪ್ಪು ಇರುವ ಜೀವಿಗಳು ಸುಲಭ. ಕೂದಲು, ಒದ್ದೆ ಚರ್ಮ ಕಷ್ಟ. ಹಾಗಾಗಿ ಕಥೆ ಬರೆಯುವಾಗಲೇ ನಿಮ್ಮ ರಾಕ್ಷಸನಿಗೆ ರೋಮ ಬೇಕಾ, ಚಿಪ್ಪು ಸಾಕಾ ಅಂತ ಯೋಚಿಸಿ.

ಎರಡನ್ನೂ ಸೇರಿಸುವುದು

‘ಜುರಾಸಿಕ್ ಪಾರ್ಕ್’ ಅಂದರೆ ಕಂಪ್ಯೂಟರ್ ಡೈನೋಸಾರ್ ಅಂತ ಎಲ್ಲರ ನೆನಪು. ಎರಡು ಗಂಟೆ ಮೀರಿದ ಆ ಚಿತ್ರದಲ್ಲಿ ಡೈನೋಸಾರ್ ಕಾಣುವುದು ಸುಮಾರು ಕಾಲು ಗಂಟೆ. ಅದರಲ್ಲಿ ಕಂಪ್ಯೂಟರಿನದು ಆರು ನಿಮಿಷದ ಆಸುಪಾಸು. ಕಾಯಿಲೆ ಬಿದ್ದು ಮಲಗಿದ, ನಟರು ಮುಟ್ಟಿ ನೋಡುವ ಟ್ರೈಸೆರಾಟಾಪ್ಸ್ ಗೊಂಬೆ. ಬಯಲಲ್ಲಿ ಓಡುವ ಹಿಂಡು ಗ್ರಾಫಿಕ್ಸ್. ಟಿ-ರೆಕ್ಸ್ ಕಾರಿನ ಕಿಟಕಿಗೆ ಮುಖ ತಂದಾಗ ಯಂತ್ರ, ಪೂರ್ತಿ ದೇಹ ನಡೆದು ಬಂದಾಗ ಗ್ರಾಫಿಕ್ಸ್. ಹತ್ತಿರ ಇದ್ದಾಗ, ಮುಟ್ಟುವಾಗ ಗೊಂಬೆ. ದೂರ ಇದ್ದಾಗ, ಓಡುವಾಗ ಕಂಪ್ಯೂಟರ್. ಈ ಹಂಚಿಕೆ ಇವತ್ತಿಗೂ ಹಾಗೇ ನಡೆಯುತ್ತದೆ.

2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಬಗ್ಗೆ ಎಲ್ಲ ನಿಜವಾಗಿ ಮಾಡಿದ್ದು ಅಂತ ಜನ ಹೇಳುತ್ತಾರೆ. ಸಾಹಸಗಳು ನಿಜ. ಜೊತೆಗೆ ಸುಮಾರು 2000 ಶಾಟ್‌ಗಳಲ್ಲಿ ಕಂಪ್ಯೂಟರ್ ಕೆಲಸವೂ ಇತ್ತು: ಹಗ್ಗ ಅಳಿಸುವುದು, ಆಕಾಶ ಬದಲಿಸುವುದು, ಬಂಡೆ ಸೇರಿಸುವುದು. ಹಾಗಾಗಿ ‘ಗ್ರಾಫಿಕ್ಸ್ ಇಲ್ಲದ ಸಿನಿಮಾ’ ಅನ್ನುವ ಪ್ರಚಾರ ಕೇಳಿ ನಿಮ್ಮ ಬಜೆಟ್ ಬರೆಯಬೇಡಿ. ಸಣ್ಣ ಬಜೆಟ್‌ಗೆ ಸರಿಯಾದ ಉದಾಹರಣೆ 2009ರ ‘ಮೂನ್’. ಸುಮಾರು 50 ಲಕ್ಷ ಡಾಲರಿನ ಚಿತ್ರ. ಚಂದ್ರನ ನೆಲ, ಅದರ ಮೇಲಿನ ವಾಹನಗಳು ಎಲ್ಲ ಮಿನಿಯೇಚರ್. ಅದರ ಮೇಲೆ ತೆಳುವಾಗಿ ಗ್ರಾಫಿಕ್ಸ್ ಹಾಕಿ ಪೂರ್ತಿ ಮಾಡಿದರು.

ನಿಮ್ಮ ಜೇಬು, ನಿಮ್ಮ ಆಯ್ಕೆ

ಕೆಲವು ಸಾವಿರ ರೂಪಾಯಿಯ ಕಾಲೇಜು ಕಿರುಚಿತ್ರ ಆದರೆ: ಕ್ಯಾಮೆರಾ ತಂತ್ರ ಮತ್ತು 1:24 ಮಿನಿಯೇಚರ್. ಸನ್‌ಬೋರ್ಡ್, ಥರ್ಮೋಕೋಲ್, ಪಿವಿಸಿ ಪೈಪ್, ಬಿಸಿಲು. ಗ್ರಾಫಿಕ್ಸ್ ದಾರ ಅಳಿಸುವುದಕ್ಕೆ, ಆಕಾಶ ಹಾಕುವುದಕ್ಕೆ ಮಾತ್ರ. ಬ್ಲೆಂಡರ್ ಚೆನ್ನಾಗಿ ಬರುವ ಗೆಳೆಯ ತಂಡದಲ್ಲೇ ಇದ್ದರೆ ಈ ಮಾತು ತಿರುಗುತ್ತದೆ. ಆಗ ನೌಕೆಯನ್ನು ಅವರಿಗೇ ಬಿಡಿ, ಶಾಟ್ ಸಂಖ್ಯೆ ಐದಾರಕ್ಕೆ ನಿಲ್ಲಿಸಿ.

ಕೆಲವು ಲಕ್ಷದ ಚಿತ್ರ ಆದರೆ ಒಂದೇ ಒಂದು ಒಳ್ಳೆಯ ಗೊಂಬೆ ಅಥವಾ ಪ್ರಾಸ್ಥೆಟಿಕ್ ವೇಷಕ್ಕೆ ದುಡ್ಡು ಹಾಕಿ. ನಲವತ್ತು ಶಾಟ್‌ಗಳಲ್ಲಿ ಬರುವ ಪಾತ್ರಕ್ಕೆ ಒಂದು ಸಲ ಕಟ್ಟಿದ ಗೊಂಬೆ ಪ್ರತಿ ಶಾಟ್‌ಗೂ ಅಗ್ಗವಾಗುತ್ತಾ ಹೋಗುತ್ತದೆ. ಗ್ರಾಫಿಕ್ಸ್‌ನಲ್ಲಿ ಹಾಗಲ್ಲ, ಪ್ರತಿ ಹೊಸ ಶಾಟ್‌ಗೂ ಹೊಸದಾಗಿ ಅನಿಮೇಷನ್, ಲೈಟಿಂಗ್, ರೆಂಡರ್ ದುಡಿಮೆ. ಒಂದೆರಡು ಶಾಟ್ ಮಾತ್ರ ಇದ್ದರೆ ಗ್ರಾಫಿಕ್ಸೇ ಲಾಭ.

ಪೂರ್ಣ ಪ್ರಮಾಣದ ಚಿತ್ರ ಆದರೆ ಗ್ರಾಫಿಕ್ಸ್ ಮೇಲ್ವಿಚಾರಕರನ್ನು ಚಿತ್ರಕಥೆಯ ಹಂತದಲ್ಲೇ ಕರೆಯಿರಿ. ಶೂಟಿಂಗ್ ಮುಗಿದ ಮೇಲೆ ಕರೆದರೆ ಅವರಿಗೆ ಉಳಿಯುವುದು ರಿಪೇರಿ ಕೆಲಸ ಮಾತ್ರ. ನಿರ್ಮಾಪಕರು ಕಂತಿನಲ್ಲಿ ದುಡ್ಡು ಕೊಡುವವರಾದರೆ ಮಾದರಿಗಳು ಕಷ್ಟ, ಅವಕ್ಕೆ ಮೊದಲೇ ಖರ್ಚು. ಆಗ ಕನಿಷ್ಠ ಮುಖ್ಯ ಪಾತ್ರದ ತಲೆ ಮತ್ತು ಕೈಯನ್ನಾದರೂ ನಿಜವಾಗಿ ಮಾಡಿಸಿ. ನಟರು ಮುಟ್ಟಲು ಏನಾದರೂ ಇರುತ್ತದೆ, ಗ್ರಾಫಿಕ್ಸ್‌ನವರಿಗೂ ಬೆಳಕು ಹೇಗೆ ಬಿದ್ದಿತ್ತು ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ.

ಗ್ರಾಫಿಕ್ಸ್ ಆರಿಸಿಕೊಂಡವರು ಸೆಟ್‌ನಲ್ಲಿ ಇವನ್ನು ಮಾಡಿಯೇ ಮನೆಗೆ ಹೋಗಿ. ಪ್ರತಿ ಶಾಟ್ ಆದ ಮೇಲೆ ನಟರಿಲ್ಲದೆ ಅದೇ ಫ್ರೇಮನ್ನು ಇನ್ನೊಮ್ಮೆ ಶೂಟ್ ಮಾಡಿ. ಸುಮಾರು ಒಂದೂವರೆ ಕೋಟಿ ಡಾಲರಿನಲ್ಲಿ ಆದ ‘ಎಕ್ಸ್ ಮಷಿನಾ’ ಚಿತ್ರದಲ್ಲಿ ಹಿಂದೆ ಹಸಿರು ಪರದೆ ಬಳಸದೆ ಯಂತ್ರದ ಹುಡುಗಿಯ ಶಾಟ್‌ಗಳನ್ನು ಹೀಗೆ ಅವಳಿಲ್ಲದೆಯೂ ತೆಗೆದಿಟ್ಟುಕೊಂಡಿದ್ದರು. 2016ರಲ್ಲಿ ಆ ಚಿತ್ರದ ಗ್ರಾಫಿಕ್ಸ್‌ಗೆ ಆಸ್ಕರ್ ಸಿಕ್ಕಿತು. ಆಮೇಲೆ ಒಂದು ಬೂದು ಬಣ್ಣದ ಚೆಂಡು, ಒಂದು ಕನ್ನಡಿಯಂತೆ ಹೊಳೆಯುವ ಚೆಂಡು ಹಿಡಿದು ರಾಕ್ಷಸ ನಿಲ್ಲುವ ಜಾಗದಲ್ಲಿ ಹತ್ತು ಸೆಕೆಂಡ್ ತೋರಿಸಿ, ಬೆಳಕು ಎಲ್ಲಿಂದ ಹೇಗೆ ಬಿದ್ದಿತ್ತು ಅಂತ ಗ್ರಾಫಿಕ್ಸ್‌ನವರಿಗೆ ಅದರಲ್ಲಿ ಗೊತ್ತಾಗುತ್ತದೆ. ಲೆನ್ಸ್ ಯಾವುದು, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ನಟರಿಂದ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆದು, ಶಾಟ್ ನಂಬರ್ ಜೊತೆ ಬರೆದಿಡಿ. ರಾಕ್ಷಸನ ಎತ್ತರಕ್ಕೆ ಒಂದು ಕೋಲು ಕತ್ತರಿಸಿ, ತುದಿಗೆ ಕಣ್ಣಿನ ಗುರುತು ಅಂಟಿಸಿ, ರಿಹರ್ಸಲ್‌ನಲ್ಲಿ ಎಲ್ಲ ನಟರೂ ಅದನ್ನೇ ನೋಡುವಂತೆ ಮಾಡಿ.